ಹುಳು ಮನೆಯ ಬಾಗಿಲು

ಪುಟ್ಟ ಯಾಮಿನಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಕೆಂಪರಾಜು ಮತ್ತೆ ಬಗ್ಗಿ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟ. ಉಸಿರು ಬೆಚ್ಚಗೆ ತಾಕಿತು. ಅದೂ ಸಾಲದೆನ್ನಿಸಿ ಕೆನ್ನೆ ತಟ್ಟಿದ. ಮಗು ಬೆಚ್ಚಿಬಿದ್ದು ಕಿರುಚಿತು.

ಕದಿರಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಅವನಿಗೆ ಸೋದರತ್ತೆ, ಹೆಣ್ಣು ಕೊಟ್ಟವಳೂ ಅವಳೇ.

"ಮತ್ತೆ ಎಬ್ಬಿಸಿದ್ಯಾ? ಅಯ್ಯೋ ನಾಯನಾ, ಮಗು ನಿದ್ದೆಗೆಟ್ಟು ಕಡ್ಡಿ ಆಗೋಗಿದೆ. ಸಾಯಂಕಾಲದ ಬಸ್ಸಿಗೆ ಚಿಂತಾಮಣಿಗೆ, ನಮ್ಮನೇಗೆ ಕರ್ಕೊಂಡ್ ಹೋಗ್ತೀನಿ ನೋಡು."

"ಹೋಗಿ. ಎಲ್ರೂ ಹೋಗಿ!" ಎಂದು ಸಿಡಿದ. "ನಿಮ್ಮ ಮಗಳು ಅಮೃತಾನೂ ಹಿಂಗೇ ಮಲ್ಕೊಂಡಿದ್ಳು. ಡೆಂಗ್ಯೂ ಇಳೀತು, ಮಲಗ್ಲಿ ಅಂತ ಸುಮ್ನಿದ್ದೆ. ಎದ್ಳಾ?"

ಉತ್ತರಕ್ಕೂ ಕಾಯದೆ ಹಿತ್ತಲಿನ ಹುಳು ಮನೆಗೆ ನುಗ್ಗಿದ. ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹೀಗೇ, ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲುಗದೆ ಇರುತ್ತವೆ. ಆಗ ಮುಟ್ಟಿದರೆ ಕೆಟ್ಟವು. ಹುಳುಗಳ ನಡುವೆಯೇ ಬೆಳೆದವನಿಗೆ ಅದು ಗೊತ್ತಿಲ್ಲವೇ? ಆದರೂ ಆ ನಿಶ್ಶಬ್ದ ಅವನ ಎದೆಯನ್ನು ಇರಿಯಿತು. ಬದುಕಿವೆಯೋ ಇಲ್ಲವೋ ಎಂದು ಕೈ ಚಾಚಿದ.

"ಮುಟ್ಟಬೇಡ ಕಣೋ!" ಮಗುವನ್ನು ಸೊಂಟಕ್ಕೇರಿಸಿ ಕದಿರಮ್ಮ ಬಾಗಿಲಲ್ಲಿ ನಿಂತಿದ್ದಳು. "ಈ ಹೊತ್ತಲ್ಲಿ ನನ್ನ ಮಗಳು ಏನ್ ಮಾಡ್ತಿದ್ಳು?"

ಅಮೃತಾ ಬಾಗಿಲು ಮುಂದೆ ಮಾಡುತ್ತಿದ್ದಳು. ಹಲಗೆಯ ಮೇಲೆ ಅಂಗೈಯಿಟ್ಟು, "ಯೇಸಪ್ಪಾ, ನಮ್ಮ ಕೈಲಾಗಿದ್ದು ಮುಗೀತು, ಇನ್ನ ನೀನೇ ನೋಡ್ಕೋ" ಎಂದು ಹೇಳಿ, ಹೋಗಿ ಗೊರಕೆ ಹೊಡೆಯುತ್ತಿದ್ದಳು. "ನಿಮ್ಮ ಯೇಸಪ್ಪಂಗೆ ಹುಳ ಸಾಕೋದು ಗೊತ್ತಾ?" ಎಂದು ಇವನು ಕೆಣಕಿದರೆ, "ನಿನಗಿಂತ ಚೆನ್ನಾಗೇ ಗೊತ್ತು ಬಿಡು ಬಾವ" ಎನ್ನುತ್ತಿದ್ದಳು.

"ಅವಳ್ನ ನೋಡ್ಕೊಂಡ್ನಾ ಅತ್ತೆ ಅವನು?" ಕೆಂಪರಾಜು ಕೈ ಹಿಂದಕ್ಕೆ ಎಳೆದುಕೊಂಡ.

"ಹೆತ್ತವಳು ಕಣೋ ನಾನು. ದಿನಾ ಅದನ್ನೇ ಕೇಳ್ತೀನಿ, ಜಗಳ ಆಡ್ತೀನಿ. ಜಗಳ ಆಡ್ತಾ ಆಡ್ತಾ ಅವನ ಮಡಿಲಲ್ಲೇ ನಿದ್ದೆ ಬಂದ್ಬಿಡುತ್ತೆ. ಅವಳೂ ಅಲ್ಲೇ ಇದ್ದಾಳೆ ಅಂತ ಗೊತ್ತು ನಂಗೆ."

ಅವನು ಹೊರಬಂದು ಬಾಗಿಲೆಳೆದ. ಹಲಗೆಯ ಮೇಲೆ ಅಂಗೈಯಿಟ್ಟ.

"ನಿನ್ ಮೇಲೆ ಸಿಟ್ಟಿದೆ ನಂಗೆ," ಎಂದ. ಆಮೇಲೆ ಹಣೆ ಹಲಗೆಗೆ ಆನಿತು. "ನನ್ ಕೈಲಿ ಕಾಯಕ್ಕಾಗ್ತಿಲ್ಲ ಯೇಸಪ್ಪಾ. ಈ ಮಗೂನೂ ನಿಂದೇ. ನೀನೇ ನೋಡ್ಕೋ."

ಬಾಗಿಲಿಗೆ ಒರಗಿ ಕೂತು ಕೈ ಚಾಚಿದ. ಕದಿರಮ್ಮ ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಯಾಮಿನಿ ಕೊಸರಿ, ಅಪ್ಪನ ಅಂಗಿಯ ಗುಂಡಿ ಹಿಡಿದು ಕಣ್ಣು ಮುಚ್ಚಿದಳು. ಅವನ ಬೆರಳು ಮಗುವಿನ ಮೂಗಿನತ್ತ ಎದ್ದಿತು. ಅರ್ಧಕ್ಕೆ ನಿಂತಿತು. ಮೆಲ್ಲಗೆ ಇಳಿದು ಆ ಪುಟ್ಟ ಮುಷ್ಟಿಯ ಮೇಲೆ ಕೂತಿತು.

ರಸ್ತೆಯಲ್ಲಿ ಚಿಂತಾಮಣಿ ಬಸ್ಸು ಹಾರನ್ ಹೊಡೆಯುವ ಹೊತ್ತಿಗೆ ತಂದೆ ಮಗಳಿಬ್ಬರಿಗೂ ಗಾಢ ನಿದ್ದೆ.

"ಹೋಗಪ್ಪಾ ಹೋಗು," ಎಂದು ಕದಿರಮ್ಮ ಬಸ್ಸಿಗೆ ಪಿಸುಗುಟ್ಟಿ, ಅವರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದು ಕೂತಳು.