ಮೂವತ್ತೈದನೆಯ ಚಿತ್ರ

ನಾನು ಒಂದು ಕ್ಯಾಮೆರಾ. ರೀಲು ಹಾಕಿ ಫೋಟೋ ತೆಗೆಯುವ ಕಾಲದವನು. ಜಪಾನಿನ ಒಂದು ಕಾರ್ಖಾನೆಯಲ್ಲಿ ಬಿಳಿ ಟೋಪಿ ತೊಟ್ಟ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ನನ್ನ ಮಸೂರವನ್ನು ಕೂರಿಸಿದಳು. ದುಬೈಯಲ್ಲಿ ದುಡಿಯುತ್ತಿದ್ದ ಭಟ್ಕಳದವರೊಬ್ಬರು ನನ್ನನ್ನು ಕೊಂಡು ಊರಿಗೆ ತಂದರು. ಅವರ ಮನೆಯ ಮದುವೆ, ತೊಟ್ಟಿಲು, ಹಬ್ಬಗಳನ್ನೆಲ್ಲ ತೆಗೆದೆ. ಅವರು ಹೊಸದೊಂದನ್ನು ತಂದ ಮೇಲೆ ನಾನು ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟು ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಚನ್ನಬಸಪ್ಪ ಹೊಂಬಳ.

ಚನ್ನಬಸಪ್ಪ ಗದಗಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ. ಎರೆಹೊಲದ ಸೀಮೆಯಲ್ಲಿ ಹುಟ್ಟಿ ಬೆಳೆದ ಅವನಿಗೆ ಸಮುದ್ರದ ಹುಚ್ಚು. ರಜೆ ಸಿಕ್ಕರೆ ಸಾಕು, ಹೆಂಡತಿ ದಾಕ್ಷಾಯಣಿಯನ್ನೂ ಮಗಳು ಸೌಭಾಗ್ಯಳನ್ನೂ ಬಸ್ಸು ಹತ್ತಿಸಿಕೊಂಡು ಘಟ್ಟ ಇಳಿಯುತ್ತಿದ್ದ. ಕಾರವಾರ, ಗೋಕರ್ಣ, ಮುರುಡೇಶ್ವರ, ಮರವಂತೆ. ಎಲ್ಲಿ ಹೋದರೂ ಸಂಜೆ ಐದಕ್ಕೆ ನಾವು ಮರಳಿನ ಮೇಲಿರಬೇಕು. ಸೂರ್ಯ ಮುಳುಗುವ ತನಕ ಅವನು ಯಾರ ಮಾತಿಗೂ ಸಿಗುತ್ತಿರಲಿಲ್ಲ.

"ನೀ ಸ್ವಲ್ಪ ಬಾಜೂಕ ಸರಿ, ಸೂರ್ಯಾಗ ಅಡ್ಡ ಆಗ್ತಿ" ಎನ್ನುತ್ತಿದ್ದ ಹೆಂಡತಿಗೆ.

"ನಿಮ್ಮ ಸೂರ್ಯಾ ನಾಳೆನೂ ಬರ್ತಾನ್ರಿ. ಹುಡುಗಿಗೆ ಹಸಿವ್ಯಾಗೇತಿ" ಎಂದು ಅವಳು ಗೊಣಗುತ್ತಲೇ ಸರಿಯುತ್ತಿದ್ದಳು.

ಮೂರು ವರ್ಷದಲ್ಲಿ ನಾನು ನಾನೂರಕ್ಕೂ ಹೆಚ್ಚು ಸೂರ್ಯಾಸ್ತ ತೆಗೆದೆ. ಒಂದರಲ್ಲೂ ದಾಕ್ಷಾಯಣಿ ಇರಲಿಲ್ಲ.

ಅವನು ಒಳ್ಳೆಯ ಚಿತ್ರಗಳನ್ನು ಆರಿಸಿ ಸ್ಪರ್ಧೆಗಳಿಗೆ ಕಳಿಸುತ್ತಿದ್ದ. ಎಲ್ಲವೂ ತಿರುಗಿ ಬರುತ್ತಿದ್ದವು. ಒಂದು ಸಲ ಲಕೋಟೆಯೊಳಗೆ ಯಾರೋ ತೀರ್ಪುಗಾರರ ಚೀಟಿಯೂ ಇತ್ತು: 'ಬಣ್ಣ ಚೆನ್ನಾಗಿದೆ. ಆದರೆ ಬರೀ ನೀರು, ಬರೀ ಆಕಾಶ. ಒಬ್ಬ ಮನುಷ್ಯನಾದರೂ ಇದ್ದಿದ್ದರೆ ಸಮುದ್ರ ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು.' ಆ ಚೀಟಿಯನ್ನು ಅವನು ವಾರವಿಡೀ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ.

ಆ ವರ್ಷದ ಅಕ್ಟೋಬರಿನಲ್ಲಿ ನಾವು ಹೊನ್ನಾವರದ ಹತ್ತಿರದ ಒಂದು ಸಣ್ಣ ಕಡಲತೀರಕ್ಕೆ ಹೋದೆವು. ನೀರಿಗೆ ಚಾಚಿಕೊಂಡ ಕರಿಬಂಡೆಗಳಿದ್ದವು. ಸೌಭಾಗ್ಯಳಿಗೆ ಆಗ ಹನ್ನೊಂದು ವರ್ಷ. ತಾಯಿಯ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಮರಳಿನ ಮೇಲೆ ಕೂತಿದ್ದಳು. ಚನ್ನಬಸಪ್ಪ ಹೆಂಡತಿಗೆ ಬಂಡೆಯ ತುದಿ ತೋರಿಸಿ, "ಅಲ್ಲಿ ಹೋಗಿ ನಿಂದರು" ಎಂದ.

ಬಂಡೆಗಳ ಸಂದಿಯಲ್ಲಿ ಚಿಪ್ಪಿ ಕೀಳುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಎತ್ತಿಕೊಂಡು ಮೇಲೆ ಬರುತ್ತಿದ್ದಳು. "ಆ ಕಲ್ಲ್ ಮೇಲೆ ಹೋಗೂದು ಬೇಡ್ರಾ! ನೀರು ಏರ್ತಾ ಅದೆ!" ಎಂದು ಕೂಗಿ ಹೇಳಿದಳು. ಚನ್ನಬಸಪ್ಪ ಅವಳಿಗೆ ತಲೆಯಾಡಿಸಿದ. ಮುದುಕಿ ಹೊರಟುಹೋದಳು.

ದಾಕ್ಷಾಯಣಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಹಿಡಿದು, ಬಗ್ಗಿ ಬಗ್ಗಿ ನಡೆದು ಹೋದಳು. ಜಾರದಂತೆ ಕಾಲ್ಬೆರಳುಗಳನ್ನು ಬಂಡೆಗೆ ಒತ್ತುತ್ತಿದ್ದಳು. ಅರ್ಧಕ್ಕೆ ನಿಂತು ಹಿಂತಿರುಗಿ ಕೇಳಿದಳು: "ಇಲ್ಲೇ ನಿಂದರ್ಲೇನ್ರಿ?"

"ಇನ್ನ ಒಂದ್ ಹೆಜ್ಜಿ ಮುಂದ."

"ನನಗ ಅಂಜಿಕಿ ಬರ್ತೈತ್ರಿ."

"ಒಂದ ನಿಮಿಷ. ಅಲುಗಾಡಬ್ಯಾಡ."

ಅವಳು ಆ ಒಂದು ಹೆಜ್ಜೆ ಇಟ್ಟಳು. ಚನ್ನಬಸಪ್ಪ ಗುಂಡಿ ಒತ್ತಿದ. ಅದು ರೀಲಿನ ಮೂವತ್ತನಾಲ್ಕನೆಯ ಚಿತ್ರ.

ಆಗ ಅವಳ ಬೆನ್ನ ಹಿಂದೆ ನೀರು ಎದ್ದಿತು. ನಾನು ಅದನ್ನು ಕಂಡೆ. ನನ್ನ ಕಿಂಡಿಗೆ ಕಣ್ಣಿಟ್ಟಿದ್ದ ಅವನೂ ಕಂಡ. ನನ್ನಂಥ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ಮೇಲೆ ಹೆಬ್ಬೆರಳಿನಿಂದ ಲಿವರ್ ಎಳೆದು ರೀಲನ್ನು ಮುಂದಕ್ಕೆ ಸರಿಸಬೇಕು. ಇಲ್ಲದಿದ್ದರೆ ಗುಂಡಿ ಒತ್ತಲು ಬರುವುದಿಲ್ಲ. ಅವನು ಲಿವರ್ ಎಳೆದ. ಇನ್ನೊಮ್ಮೆ ಒತ್ತಿದ. ಆಮೇಲೆ ಕೂಗಿದ.

ಎರಡು ದಿನದ ಮೇಲೆ ಶರಾವತಿ ಕಡಲು ಸೇರುವಲ್ಲಿ ಅವಳ ದೇಹ ಸಿಕ್ಕಿತು.

ಪೊಲೀಸರಿಗೆ ಚನ್ನಬಸಪ್ಪ ಹೇಳಿದ್ದು ಇಷ್ಟೇ: "ಕಾಲ್ ತೊಳಕೊಳ್ಳಾಕ ತಾನ ಹೋದ್ಲರೀ." ಹೇಳುವಾಗ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ನರೇಗಲ್ಲಿನಿಂದ ದಾಕ್ಷಾಯಣಿಯ ಅಣ್ಣ ಮುರಿಗೆಪ್ಪ ಓಡಿ ಬಂದಿದ್ದ. "ನೀರಂದ್ರ ಹೆದರತಿದ್ದಾಕಿ ಅಷ್ಟ ದೂರ ಹೆಂಗ ಹೋದ್ಲು?" ಎಂದು ಮತ್ತೆ ಮತ್ತೆ ಕೇಳಿದ.

ಗದಗಿಗೆ ಬಂದ ಮೇಲೆ ಚನ್ನಬಸಪ್ಪ ರೀಲು ತೆಗೆಯದೆಯೇ ನನ್ನನ್ನು ಟ್ರಂಕಿಗೆ ಹಾಕಿ ಬೀಗ ಜಡಿದ. ಹದಿನಾಲ್ಕು ವರ್ಷ ನಾನು ಆ ಕತ್ತಲಲ್ಲಿ ಆ ರೀಲನ್ನು ಹೊತ್ತುಕೊಂಡಿದ್ದೆ. ಹೊರಗೆ ತಂದೆ ಮಗಳು ನಡೆದಾಡುವುದು ಕೇಳುತ್ತಿತ್ತು. ಅವನು ಅಡುಗೆ ಕಲಿತ. ಮಗಳ ಜಡೆ ಹೆಣೆದ. ಶಾಲೆಗೆ ಹೊತ್ತಾಯಿತೆಂದು ಎಬ್ಬಿಸಿದ. ಇಬ್ಬರ ನಡುವೆ ಬೇಕಾದಷ್ಟು ಮಾತಿತ್ತು, ದಾಕ್ಷಾಯಣಿಯ ಹೆಸರು ಮಾತ್ರ ಇರಲಿಲ್ಲ.

ಸೌಭಾಗ್ಯಳ ಮದುವೆ ಗೊತ್ತಾದಾಗ, ಹಂದರದಲ್ಲಿ ಇಡಲು ತಾಯಿಯ ಫೋಟೋ ಬೇಕೆಂದು ಅವಳು ಮನೆಯೆಲ್ಲ ಹುಡುಕಿದಳು. ಸಿಕ್ಕಿದ್ದು ಬರೀ ಸೂರ್ಯಾಸ್ತಗಳು. ಕೊನೆಗೆ ಟ್ರಂಕಿನ ಬೀಗ ಒಡೆದಳು. ನನ್ನ ತಲೆಯ ಮೇಲಿನ ಅಂಕಿ ಮೂವತ್ತೈದರಲ್ಲಿ ನಿಂತಿರುವುದನ್ನು ನೋಡಿ, ಒಳಗೆ ರೀಲು ಇನ್ನೂ ಇದೆಯೆಂದು ತಿಳಿದಳು. ಮರುದಿನ ಹುಬ್ಬಳ್ಳಿಗೆ ಒಯ್ದಳು. ಸ್ಟುಡಿಯೋದವರು ಲಿವರ್ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿ, ರೀಲು ಬಿಚ್ಚಿ ತೊಳೆದು, ಕೊನೆಯ ಎರಡು ಚಿತ್ರಗಳನ್ನು ಅಚ್ಚು ಹಾಕಿಕೊಟ್ಟರು.

ಬಣ್ಣ ಮಾಸಿತ್ತು. ಆದರೂ ಕಾಣುವುದು ಕಾಣುತ್ತಿತ್ತು. ಒಂದರಲ್ಲಿ ಬಂಡೆಯ ತುದಿಯಲ್ಲಿ ಸೀರೆ ಎತ್ತಿ ಹಿಡಿದ ಕಪ್ಪು ಆಕೃತಿ. ಇನ್ನೊಂದರಲ್ಲಿ ಅದೇ ಆಕೃತಿ, ಅದರ ತಲೆಯ ಮೇಲೆ ನಿಂತ ನೀರು.

ಊಟಕ್ಕೆ ಕೂತಿದ್ದ ತಂದೆಯ ಮುಂದೆ ಅವಳು ಎರಡನ್ನೂ ಇಟ್ಟಳು. "ಒಂದ್ ಹೆಜ್ಜಿ ಮುಂದ ಅಂದಿದ್ದು ನನಗ ಕೇಳಿತ್ತಪ್ಪಾ. ಅದನ್ನ ಹೆಂಗರ ನುಂಗಿಕೊಂಡಿದ್ನಿ" ಎಂದಳು. ಆಮೇಲೆ ಎರಡನೆಯ ಚಿತ್ರದ ಮೇಲೆ ಬೆರಳಿಟ್ಟಳು. "ಲಿವರ್ ಎಳಿಯಾಕ ಎಷ್ಟ್ ಹೊತ್ತ ಬೇಕು?"

ಚನ್ನಬಸಪ್ಪನ ಕೈ ತಟ್ಟೆಯಲ್ಲೇ ಉಳಿಯಿತು. "ಮೊದಲ ಕೂಗಿದ್ರ ಆಕಿ ಈ ಕಡಿ ಜಿಗೀತಿದ್ಲೋ ಏನೋ" ಎಂದ. "ಹದಿನಾಕ್ ವರ್ಷ ಅದನ್ನ ಲೆಕ್ಕಾ ಹಾಕೇನಿ."

"ಮುರಿಗೆಪ್ಪ ಮಾವಗ ಹೇಳು."

ಅವನು ಹೇಳಲು ಹೋದ. ಚಿತ್ರಗಳನ್ನೂ ನನ್ನನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಮಗಳೊಡನೆ ನರೇಗಲ್ಲಿಗೆ ಹೋದ. ಮುರಿಗೆಪ್ಪನ ಹಿಟ್ಟಿನ ಗಿರಣಿಯ ಮುಂದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮುರಿಗೆಪ್ಪ ಗಿರಣಿ ನಿಲ್ಲಿಸಿದ. ಹಿಟ್ಟು ಮೆತ್ತಿದ ಕೈಯಲ್ಲಿ ಮೊದಲನೆಯ ಚಿತ್ರವನ್ನು ಹಿಡಿದು ಬೆಳಕಿಗೆ ಆಚೀಚೆ ತಿರುಗಿಸಿದ.

"ಇದು ನನ್ನ ತಂಗೀನ ಏನು?" ಎಂದ. "ಮುಖಾನ ಕಾಣವಲ್ದು."

"ಅಣ್ಣಾರ..." ಎಂದ ಚನ್ನಬಸಪ್ಪ.

ಮುರಿಗೆಪ್ಪ ಅವನತ್ತ ನೋಡಲಿಲ್ಲ. ಸೌಭಾಗ್ಯಳ ತಲೆಯ ಮೇಲೆ ಕೈಯಿಟ್ಟು, "ಒಳಗ ಬಾರವ್ವ, ಉಣ್ಣು" ಎಂದ. ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಚನ್ನಬಸಪ್ಪ ಬಿಸಿಲಿನಲ್ಲಿ ನಿಂತೇ ಇದ್ದ. ಸಂಜೆಯ ಬಸ್ಸಿಗೆ ಅವನೊಬ್ಬನೇ ಹತ್ತಿದ. ಮಗಳ ಮದುವೆ ಮುರಿಗೆಪ್ಪನ ಮನೆಯಿಂದಲೇ ಆಯಿತು. ಅವನನ್ನು ಯಾರೂ ಕರೆಯಲಿಲ್ಲ, ಅವನೂ ಹೋಗಲಿಲ್ಲ.

ಮುಂದಿನ ವರ್ಷ ಅವನು ನನ್ನನ್ನು ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟು, ಹಿಂತಿರುಗಿ ನೋಡದೆ ಹೋದ. ಈಗ ಅವನು ಇದ್ದಾನೋ ಇಲ್ಲವೋ ನನಗೆ ತಿಳಿಯದು. ಇಲ್ಲಿ ನನ್ನ ತಿರುಪುಗಳು ಒಂದೊಂದಾಗಿ ಬೇರೆ ಕ್ಯಾಮೆರಾಗಳ ಮೈ ಸೇರಿವೆ. ಮಸೂರದ ಮೇಲೆ ಬೂಷ್ಟು ಬೆಳೆದಿದೆ. ಹಿಂದಿನ ಮುಚ್ಚಳವನ್ನು ಯಾರೋ ಕೊಂಡೊಯ್ದರು. ಹಾಗಾಗಿ ಬೆಳಗಾದರೆ ಬೆಳಕು ನನ್ನೊಳಗೆ ನುಗ್ಗಿ ಹಾಗೆಯೇ ಹೊರಗೆ ಹೋಗುತ್ತದೆ. ಏನೂ ಅಚ್ಚಾಗುವುದಿಲ್ಲ.

ನನಗೆ ಕೈಯಿರಲಿಲ್ಲ, ಬಾಯಿಯಿರಲಿಲ್ಲ. ತಪ್ಪು ನನ್ನದಲ್ಲವೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಸಂಜೆ ನನ್ನ ಲಿವರ್ ಎಂದಿಗಿಂತಲೂ ಮೆತ್ತಗೆ, ಎಲ್ಲಿಯೂ ತಡೆಯದೆ ಸರಿಯಿತು. ಒಂದು ಗಳಿಗೆ ಸಿಕ್ಕಿಕೊಂಡಿದ್ದರೂ ಅವನು ಕಿಂಡಿಯಿಂದ ಕಣ್ಣು ತೆಗೆದು ಅವಳನ್ನು ನೋಡುತ್ತಿದ್ದ.