ಕನ್ನಡಿ ಇಲ್ಲದ ಬಸ್ಸು

"ಕನ್ನಡಿ ಎಲ್ಲಿ ಅದಾವು?" ಎಂದು ಹುಲ್ಲಪ್ಪ ಕೇಳಿದ.

ಕಂಪ್ಯೂಟರ್ ಅಂಗಡಿಯ ಶ್ರೀಶೈಲನಿಗೆ ಪ್ರಶ್ನೆ ತಿಳಿಯಲಿಲ್ಲ. ಅವನ ಲಕ್ಷ್ಯವೆಲ್ಲ ಅಂಕಿಗಳ ಮೇಲಿತ್ತು. ಮೇಜಿನ ಮೇಲೆ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟಿದ್ದ. ಒಂದರೊಳಗೆ ಪರದೆಗೆ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡು, ಇನ್ನೊಂದರೊಳಗೆ ಹಳೆಯದು. ಉಳಿದದ್ದೆಲ್ಲ ಒಂದೇ. ಎರಡೂ ಪರದೆಗಳ ಮೇಲೆ ಒಂದೇ ಆಟ: ಕೆಂಪು ಬಸ್ಸೊಂದರ ಡ್ರೈವರ್ ಸೀಟಿನಿಂದ ಕಾಣುವ ದೊಡ್ಡ ಗಾಜು, ಗಾಜಿನ ಆಚೆ ಬಾಗಲಕೋಟೆಯ ಬಸ್ ನಿಲ್ದಾಣ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎನ್ನುವುದು ಪರದೆಯ ಮೂಲೆಯಲ್ಲಿ ಹಸಿರು ಅಂಕಿಯಾಗಿ ಕಾಣುತ್ತಿತ್ತು.

"ನೋಡ್ರಿ ಕಾಕಾ, ಹೊಸಾದು ತೊಂಬತ್ತಾರು, ಹಳೇದು ಎಪ್ಪತ್ತು. ಇದು ಹೆಚ್ಚಿದ್ದಷ್ಟೂ ಚಲೋ."

"ಅದಲ್ಲೋ ತಮ್ಮಾ. ಬಸ್ಸಿಗೆ ಬಲಕ್ಕೊಂದು, ಎಡಕ್ಕೊಂದು ಕನ್ನಡಿ ಇರಬೇಕಲ್ಲ. ಅವು ಎಲ್ಲಿ ಹೋದ್ವು?"

"ಓ, ಅವಾ? ಬಂದ್ ಮಾಡೇನ್ರಿ. ಕನ್ನಡಿ ಹಚ್ಚಿದ್ರ ಒಂದ ರಸ್ತೇನ ಮೂರ್ ಸಲ ಬಿಡಿಸಬೇಕಾಗತೈತಿ, ಕಾರ್ಡಿಗೆ ಭಾರ ಬೀಳತೈತಿ. ಆಡೋ ಹುಡುಗರೆಲ್ಲಾ ಹಿಂಗ ನೋಡತಾರ."

ಹುಲ್ಲಪ್ಪ ಹೊಸ ಕಾರ್ಡಿನ ಕಂಪ್ಯೂಟರಿಗೆ ಹಚ್ಚಿದ್ದ ಆಟದ ಸ್ಟೇರಿಂಗ್ ಮೇಲಿದ್ದ ಎರಡೂ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಕನ್ನಡಿ ಇಲ್ಲದ ಗಾಡಿ ನಾ ಎತ್ತಂಗಿಲ್ಲ."

ಅವನ ಊರುಗೋಲುಗಳು ಪಕ್ಕದಲ್ಲಿ ನಿಂತಿದ್ದ ಮಗಳು ಅಂಜನಾಳ ಕೈಯಲ್ಲೇ ಇದ್ದವು. ಅವನು ಕೇಳಿದರೂ ಬೇಗ ಸಿಗಬಾರದೆಂದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಹುಲ್ಲಪ್ಪ ಇಪ್ಪತ್ತೊಂಬತ್ತು ವರ್ಷ ಬಾಗಲಕೋಟೆ–ಇಳಕಲ್ ಬಸ್ಸು ಓಡಿಸಿದವನು. ಅವನು ಕ್ಲಚ್ ಬಿಟ್ಟರೆ ಮಡಿಲಲ್ಲಿ ಮಲಗಿದ ಕೂಸು ಎಚ್ಚರಾಗುವುದಿಲ್ಲ ಎಂದು ಆ ದಾರಿಯ ಹೆಂಗಸರು ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಮೊದಲು ಒಂದು ಬೆರಳನ್ನು, ಆಮೇಲೆ ಪಾದವನ್ನು, ಕಡೆಗೆ ಎಡ ಮೊಣಕಾಲಿನ ಕೆಳಗಿನದನ್ನೆಲ್ಲ ತೆಗೆದುಕೊಂಡಿತು. ದವಾಖಾನೆಯಲ್ಲಿ ಎಚ್ಚರಾದಾಗ ಅವನು ಅಂದದ್ದು ಒಂದೇ ಮಾತು: "ಕ್ಲಚ್ಚಿನ ಕಾಲು ಹೋತು." ಡಿಪೋದಲ್ಲಿ ಗೇಟಿನ ಬಳಿ ಕುಳಿತು ಮಾಡುವ ಕೆಲಸ ಕೊಟ್ಟರು. ಎಂಟು ದಿನ ಹೋಗಿ ಬಿಟ್ಟ. ಮಾಡಿಸಿದ ಕೃತಕ ಕಾಲು ಚೀಲದೊಳಗೇ ಬಾಗಿಲ ಸಂದಿಯಲ್ಲಿ ನಿಂತಿದೆ.

ಕಲಾದಗಿಯ ಅವರ ಮನೆ ರಸ್ತೆಗೆ ಹತ್ತಿಕೊಂಡೇ ಇದೆ. ಹುಲ್ಲಪ್ಪ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂರುತ್ತಿದ್ದ. ಹಾಗಿದ್ದರೂ ಬಸ್ಸು ಹೋದರೆ ಸದ್ದಿನ ಮೇಲೆಯೇ ಹೇಳಿಬಿಡುತ್ತಿದ್ದ. "ಅರ್ಜು ಹೊಂಟ. ಇವತ್ತೂ ಸೆಕೆಂಡ್ ಗೇರ್ ಕಿತ್ತು ಹಾಕ್ಯಾನ ಮಗಾ." ಅಂಜನಾ ಓಡಿಬಂದು ನೋಡಿದರೆ ಡ್ರೈವರ್ ಸೀಟಿನಲ್ಲಿ ಅರ್ಜುವೇ ಇರುತ್ತಿದ್ದ. ಯುಗಾದಿಯ ನಂತರ ಅದೂ ನಿಂತಿತು. ಬಸ್ಸುಗಳು ಹೋಗುತ್ತಿದ್ದವು, ಅಪ್ಪ ಗೋಡೆ ನೋಡುತ್ತ ಕೂತಿರುತ್ತಿದ್ದ. ಕಾಲು ಹೋದಾಗ ಹೆದರದಿದ್ದ ಅಂಜನಾ ಇದಕ್ಕೆ ಹೆದರಿದಳು.

ಅವಳು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಬಸ್ಸು ಓಡಿಸುವ ಆಟವೊಂದರೊಳಗೆ ಯಾರೋ ಬಾಗಲಕೋಟೆಯಿಂದ ಇಳಕಲ್ಲಿನ ತನಕದ ರಸ್ತೆಯನ್ನೇ ಮಾಡಿಟ್ಟಿದ್ದಾರೆ ಎಂದು ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡಿದಳು. ಯಾರೋ ಬಳಸಿ ಬಿಟ್ಟ ಸ್ಟೇರಿಂಗ್, ಪೆಡಲು ತಂದಳು. ದೀಪಾವಳಿಯ ಮರುದಿನ ಮನೆಯ ಹಳೆ ಕಂಪ್ಯೂಟರಿಗೆ ಹಚ್ಚಿ ಅಪ್ಪನನ್ನು ಕೂರಿಸಿದಳು. ರಸ್ತೆ ತಡೆತಡೆದು, ಜಿಗಿಜಿಗಿದು ಬಂತು. ಮೊದಲನೇ ತಿರುವಿನಲ್ಲೇ ಅಪ್ಪನಿಗೆ ತಲೆ ಸುತ್ತಿ ವಾಂತಿಯಾಯಿತು.

"ಇನ್ನ ಇದನ್ನ ನನ್ನ ಮುಂದ ತರಬ್ಯಾಡವಾ," ಅಂದಿದ್ದ.

ಒಂದು ತಿಂಗಳು ಬೇಡಿಕೊಂಡ ಮೇಲೆ ಇವತ್ತು, ಭಾನುವಾರ, ಅಂಗಡಿಗೆ ಬಂದಿದ್ದ. ಅದೂ ಒಂದು ಕರಾರಿನ ಮೇಲೆ. "ಇದೊಂದ ಸಲ. ಆಗಲಿಲ್ಲಂದ್ರ ಆ ಸ್ಟೇರಿಂಗ್ ಮಾರಿಬಿಡು. ಮತ್ತ ನನಗ ಬಸ್ಸಿನ ಸುದ್ದಿ ಹೇಳಬಾರ್ದು."

ಕಾರ್ಡುಗಳ ಬಗ್ಗೆ ಅಂಜನಾ ಓದಬೇಕಾದ್ದನ್ನೆಲ್ಲ ಓದಿದ್ದಳು. ಹೊಸದಕ್ಕೆ ಇಪ್ಪತ್ತೆಂಟು ಸಾವಿರ, ಮೂರು ವರ್ಷದ ಗ್ಯಾರಂಟಿ. ಹಳೆಯದು ಇಳಕಲ್ಲಿನ ಫೋಟೊ ಸ್ಟುಡಿಯೊದವರು ಮದುವೆ ವಿಡಿಯೊ ಮಾಡಲು ಬಳಸಿ ಮಾರಿದ್ದು. ಫ್ಯಾನಿನ ಮೇಲೆ ಗೀರು, ಬೆಲೆ ಇಪ್ಪತ್ತೊಂದು ಸಾವಿರ. ಅದು ನಾಲ್ಕು ತಿಂಗಳಿಂದ ಗಾಜಿನ ಕಪಾಟಿನಲ್ಲಿ ಬಿದ್ದಿತ್ತು, ಹೋದರೆ ಸಾಕೆಂದು ಶ್ರೀಶೈಲನಿಗೂ ಇತ್ತು. ಆದರೂ ಅವನು ಬಾಯಿಬಿಟ್ಟು ಹೇಳಿದ್ದ: "ಹೊಸಾದ ಒಯ್ಯಿ ತಂಗಿ. ಹಳೇದನ್ನ ಕೊಟ್ಟು ನಾಳೆ ನಿನ್ನ ಕಡೆ ಬೈಸ್ಕೊಳ್ಳೂದು ನನಗ ಬ್ಯಾಡ." ಅವಳೂ ಮನಸ್ಸಿನಲ್ಲಿ ಹೊಸದನ್ನೇ ಗಟ್ಟಿಮಾಡಿಕೊಂಡಿದ್ದಳು. ಅಪ್ಪ ಒಂದು ನಿಮಿಷ ಕೂತು ಹೂಂ ಅಂದರೆ ಸಾಕಿತ್ತು.

"ಅಣ್ಣಾ, ಕನ್ನಡಿ ಹಚ್ಚಿಬಿಡು," ಎಂದಳು.

"ಅಂಕಿ ಬೀಳತೈತಿ."

"ಬೀಳಲಿ. ಅಪ್ಪ ಏಳಬಾರ್ದು."

ಶ್ರೀಶೈಲ ಎರಡೂ ಕಂಪ್ಯೂಟರುಗಳಲ್ಲಿ ಕನ್ನಡಿ ಹಚ್ಚಿದ. ಪರದೆಯ ಎಡಕ್ಕೆ, ಬಲಕ್ಕೆ ಒಂದೊಂದು ಉದ್ದನೆಯ ಕನ್ನಡಿ ಬಂದು, ಬಸ್ಸಿನ ಕೆಂಪು ಪಕ್ಕೆ, ಹಿಂದಿನ ಅಂಗಳ ಅವುಗಳೊಳಗೆ ಕಂಡವು. ಹೊಸ ಕಾರ್ಡಿನ ಅಂಕಿ ಅರವತ್ತೊಂದಕ್ಕೆ ಇಳಿಯಿತು, ಹಳೆಯದರದು ಐವತ್ತೆರಡಕ್ಕೆ.

"ಈಗೂ ಹೊಸಾದ ಮುಂದೈತಿ," ಎಂದ ಶ್ರೀಶೈಲ. "ಎತ್ತರ್ರಿ ಕಾಕಾ. ಬ್ರೇಕು, ಎಕ್ಸಲರೇಟರು ಎರಡ ಸಾಕು. ಗೇರ್ ತಾನ ಬೀಳತೈತಿ."

"ತಾನ ಬೀಳತೈತಿ?" ಹುಲ್ಲಪ್ಪ ಅವನ ಮುಖ ನೋಡಿದ. "ಹಂಗಾದ್ರ ಡ್ರೈವರ್ ಯಾಕ ಬೇಕೋ?"

ಆದರೂ ಬಲಗಾಲಿನಿಂದ ಪೆಡಲು ಒತ್ತಿದ. ಬಸ್ಸು ನಿಲ್ದಾಣದಿಂದ ಹೊರಬಿತ್ತು. ನೇರ ರಸ್ತೆಯಲ್ಲಿ ಎಲ್ಲ ಸರಿಯಾಗಿತ್ತು. ಊರು ದಾಟಿ ಮೊದಲ ತಿರುವಿಗೆ ಬರುತ್ತಲೂ ಬಲಗನ್ನಡಿಯ ಚಿತ್ರ ಒಂದು ಕ್ಷಣ ಕಲ್ಲಾಗಿ ನಿಂತಿತು. ಕನ್ನಡಿಯಲ್ಲಿ ದೂರ ಇದ್ದ ಲಾರಿ ಮರುಕ್ಷಣ ಕಿಟಕಿಯ ಪಕ್ಕಕ್ಕೇ ಬಂದಿತ್ತು. ಹುಲ್ಲಪ್ಪ ಜೋರಾಗಿ ಬ್ರೇಕ್ ಒತ್ತಿದ. ಅವನ ಹಣೆಯ ಮೇಲಿನ ಭಂಡಾರದ ಅರಿಶಿನದ ಕೆಳಗೆ ಬೆವರು ಒಡೆದಿತ್ತು.

"ಇದು ಸುಳ್ಳು ಹೇಳತೈತಿ," ಎಂದ. "ಅಷ್ಟ ದೂರ ಇದ್ದದ್ದು ನಡುವಿನ ದಾರಿ ತುಳೀಲಾರ್ದ ಬಾಜೂಕ ಹೆಂಗ ಬಂತು? ಇಂಥಾ ಕನ್ನಡಿ ನಂಬಿ ಓಡಿಸಿದ್ರ ಮಂದೀನ ಕೊಲ್ಲತೇನಿ. ಅಂಜೂ, ಕೋಲ್ ಕೊಡವಾ."

ಅಂಜನಾ ಕೊಡಲಿಲ್ಲ. ಶ್ರೀಶೈಲ ಬಗ್ಗಿ ಪರದೆಯ ಮೇಲೆ ಇನ್ನೊಂದು ವಿಂಡೊ ತೆರೆದು, ಕಾರ್ಡಿನೊಳಗಿನ ಮೆಮೊರಿ ಎಷ್ಟು ತುಂಬಿದೆ ಎಂದು ನೋಡುತ್ತಿದ್ದ. ಹನ್ನೆರಡು ವರ್ಷದ ವ್ಯಾಪಾರದಲ್ಲಿ ಅವನು ಸರಾಸರಿ ಅಂಕಿಯನ್ನು ತೋರಿಸಿಯೇ ಮಾರಿದ್ದ. ಕೊಂಡವರು ಅದನ್ನು ನೋಡಿಯೇ ಕೊಂಡಿದ್ದರು.

"ಖರೇ ಐತ್ರಿ ನೀವು ಅಂದದ್ದು," ಎಂದ ನಿಧಾನವಾಗಿ. "ಹೊಸಾದು ಭಾಳ ಚುರುಕು. ಆದ್ರ ಇದರೊಳಗ ಎಂಟು ಜಿಬಿ ಜಾಗಾ. ಈ ರಸ್ತೆ, ಗಿಡಾ, ಮ್ಯಾಲ ಎರಡು ಕನ್ನಡಿ, ಎಲ್ಲಾ ಹಿಡಿಸವಲ್ದು. ಹೊರಗಿಟ್ಟು ಹೊರಗಿಟ್ಟು ತರೂದ್ರಾಗ ತಡಾ ಆಗತೈತಿ. ಹಳೇದು ಮೆಲ್ಲಕ, ಆದ್ರ ಅದರಾಗ ಹನ್ನೆರಡೈತಿ."

ಹುಲ್ಲಪ್ಪ ಕೋಲಿಗೆ ಚಾಚಿದ್ದ ಕೈಯನ್ನು ಇಳಿಸಿದ. "ಅಂದ್ರ ಎಂಜಿನ್ ಜೋರ್ ಐತಿ, ಸೀಟ್ ಕಮ್ಮಿ."

"ಹಂಗಂತ ಇಟಗೋರ್ರಿ."

"ಅಮಾಸಿ ದಿನಾ ದೇವರಿಗೆ ಹೋಗೋ ಮಂದಿಗೆ ಅಂಥಾ ಗಾಡಿ ಕಳಸ್ತಿದ್ರು ನೋಡು. ಅರ್ಧಾ ಮಂದಿ ಟಾಪ್ ಮ್ಯಾಲ, ಅರ್ಧಾ ಮಂದಿ ನನ್ನ ತೊಡೀ ಮ್ಯಾಲ."

ಅಂಗಡಿಯಲ್ಲಿ ಪ್ರಿಂಟರಿನ ಇಂಕಿಗೆ ಕಾದಿದ್ದ ಶಿವಗಂಗಾ ಟೀಚರು ಫಕ್ಕನೆ ನಕ್ಕರು. ಶ್ರೀಶೈಲ ಸ್ಟೇರಿಂಗಿನ ತಂತಿಯನ್ನು ಕಿತ್ತು ಪಕ್ಕದ ಕಂಪ್ಯೂಟರಿಗೆ ಹಚ್ಚಿದ. ಕುರ್ಚಿಯನ್ನು ಹುಲ್ಲಪ್ಪನ ಸಮೇತ ಅತ್ತ ಸರಿಸಿದ.

"ಗಾಡಿ ಬದಲಿ ಮಾಡೇನ್ರಿ ಕಾಕಾ. ಇದು ಸ್ಪೇರ್ ಗಾಡಿ. ಟ್ರಿಪ್ ಅರ್ಧಕ್ಕ ಬಿಡಬ್ಯಾಡ್ರಿ."

ಆ ಮಾತು ಹುಲ್ಲಪ್ಪನಿಗೆ ತಾಗಿತು. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿ ಬಂದರೆ ಅವನೆಂದೂ ಒಲ್ಲೆ ಅಂದವನಲ್ಲ. ಕೂತವರನ್ನು ಊರು ಮುಟ್ಟಿಸಬೇಕು. ಎರಡೂ ಕನ್ನಡಿಗಳನ್ನು ನೋಡಿದ, ಸ್ಟೇರಿಂಗ್ ಹಿಡಿದ.

ಐವತ್ತೆರಡು. ಅಂಜನಾ ಆ ಅಂಕಿಯನ್ನೇ ನೋಡುತ್ತಿದ್ದಳು. ಬಸ್ಸು ಊರು ದಾಟಿತು. ಐವತ್ತೊಂದು, ಐವತ್ತೆರಡು. ತಿರುವು ಬಂತು. ಕನ್ನಡಿಯಲ್ಲಿ ಲಾರಿ ದೂರದಿಂದ ಹತ್ತಿರಕ್ಕೆ, ಗೇಣು ಗೇಣಾಗಿ, ನಡುವಿನ ದಾರಿಯನ್ನೆಲ್ಲ ತುಳಿದುಕೊಂಡು ಬಂತು. ಹಿಂದೆ ಎದ್ದ ಕೆಂಪು ಧೂಳು ಎಡಗನ್ನಡಿಯ ತುಂಬ ಹರಡಿ ತೆಳ್ಳಗಾಯಿತು. ಹುಲ್ಲಪ್ಪನ ಬೆನ್ನು ತಾನಾಗಿ ಕುರ್ಚಿಗೆ ಒರಗಿತು.

"ಈ ಹಂಪ್ ಇಲ್ಲಿಲ್ಲ. ಇನ್ನೂ ಮುಂದೈತಿ," ಎಂದ. ಸ್ವಲ್ಪ ಹೊತ್ತಿಗೆ, "ಆ ಬೇವಿನ ಗಿಡಾ ಬರೋಬ್ಬರಿ ಐತಿ. ಅದರ ಬಡ್ಡಿಗೆ ಒಬ್ಬಾಕಿ ಕಲ್ಲಂಗಡಿ ಇಟಗೊಂಡು ಕೂಡತಿದ್ಲು." ಇನ್ನೂ ಸ್ವಲ್ಪ ಹೊತ್ತಿಗೆ, "ಯಾರ್ ಮಾಡ್ಯಾರ ಇದನ್ನ?"

"ಗೊತ್ತಿಲ್ಲಪ್ಪಾ. ಹೆಸರು ಹಾಕಿಲ್ಲ."

"ನನ್ನ ಬಸ್ಸಿನ್ಯಾಗ ಸಾಲಿಗೆ ಹೋದವ ಇರಬೇಕು. ಎಡಗಡೆ ಕಿಟಕಿ ಬಾಜೂಕ ಕೂಡಾಂವ."

"ಅದ್ಹೆಂಗ ಹೇಳ್ತೀರಿ?" ಎಂದ ಶ್ರೀಶೈಲ.

"ಎಡಕಿನ ಗಿಡಾ ಒಂದೂ ತಪ್ಪಿಲ್ಲ ನೋಡು. ಬಲಕಿನವೆಲ್ಲಾ ತಪ್ಪ್ಯಾವು."

ಇಂಕು ತೆಗೆದುಕೊಂಡಿದ್ದ ಟೀಚರು ಹೋಗದೆ ಅಲ್ಲೇ ನಿಂತಿದ್ದರು. ಶ್ರೀಶೈಲ ಎಷ್ಟೋ ಸಲ ಈ ದಾರಿಯಲ್ಲಿ ಹುನಗುಂದಕ್ಕೆ ಹೋಗಿ ಬಂದವನು. ಪರದೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಅವನಿಗೆ ಒಂದು ಗಿಡವೂ ನೆನಪಾಗಲಿಲ್ಲ.

ಆಗಲೇ ಅಂಜನಾಳ ಕಣ್ಣು ಮೇಜಿನ ಕೆಳಗೆ ಬಿತ್ತು.

ಅಪ್ಪನ ಪ್ಯಾಂಟಿನ ಎಡಗಾಲನ್ನು ಬೆಳಿಗ್ಗೆ ಅವಳೇ ಮಡಚಿ ಪಿನ್ನು ಹಾಕಿದ್ದಳು. ಆ ಮಡಿಕೆ ಅಲುಗುತ್ತಿತ್ತು. ಏರು ಬಂದು ಬಸ್ಸಿನ ಸದ್ದು ಭಾರವಾದಾಗ ಅದು ಮುಂದಕ್ಕೆ ಚಾಚಿತು. ಕೂಡಲೇ ಆಟದೊಳಗೆ ಗೇರು ಬಿತ್ತು. ಮಡಿಕೆ ಹಿಂದೆ ಬಂತು. ಇಳಿಜಾರಿನಲ್ಲಿ ಮತ್ತೆ ಚಾಚಿತು, ಮತ್ತೆ ಗೇರು ಬಿತ್ತು. ಗೇರು ಬಿದ್ದ ಮೇಲೆ ಅಲ್ಲ, ಪ್ರತಿ ಸಲವೂ ಕೂದಲೆಳೆಯಷ್ಟು ಮೊದಲು. ಯಂತ್ರ ತಾನಾಗಿ ಏನು ಮಾಡುತ್ತದೋ ಅದನ್ನು ಆ ಇಲ್ಲದ ಪಾದ ಮೊದಲೇ ಮಾಡಿ ಮುಗಿಸುತ್ತಿತ್ತು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿತ್ತು.

ಅವಳು ಶ್ರೀಶೈಲನ ತೋಳು ಮುಟ್ಟಿ ಕೆಳಗೆ ತೋರಿಸಿದಳು. ಅವನು ನೋಡಿದ. ಕೈಯಲ್ಲಿದ್ದ ಮೊಬೈಲನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. ಆಮೇಲೆ ಹೊಸ ಕಾರ್ಡಿನ ಖಾಲಿ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಮೆಲ್ಲಗೆ ಕಪಾಟಿನ ಕಡೆ ಸರಿಸಿದ. ಅಂಜನಾ ತಲೆಯಾಡಿಸಿದಳು. ಹಳೆ ಕಾರ್ಡಿನ ವ್ಯಾಪಾರ ಅಷ್ಟರಲ್ಲೇ ಮುಗಿಯಿತು.

ಕಮತಗಿ ಬಂತು. ಹುಲ್ಲಪ್ಪ ಬಸ್ಸನ್ನು ಎಡಕ್ಕೆ ತಂದು ನಿಲ್ಲಿಸಿದ. ನಿಂತದ್ದು ಯಾರಿಗೂ ತಿಳಿಯಲಿಲ್ಲ, ಗಾಜಿನಾಚೆಯ ಗೋಡೆ ಸುಮ್ಮನೆ ಅಲುಗುವುದನ್ನು ಬಿಟ್ಟಿತು. ಬಾಗಿಲು ತೆರೆದುಕೊಂಡಿತು. ನಾಲ್ಕೈದು ಮಂದಿ ಹತ್ತಿದರು. ಎಡಗನ್ನಡಿಯಲ್ಲಿ ದೂರದಿಂದ ಗಂಟು ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ಹುಲ್ಲಪ್ಪ ಕಾದ. ಅವಳೂ ಹತ್ತಿದಳು. ಬಾಗಿಲು ಮುಚ್ಚಿತು.

ಬಸ್ಸು ಹೊರಡಲಿಲ್ಲ.

"ಎಲ್ಲಾರೂ ಹತ್ತಿದ್ರಲ್ರಿ ಕಾಕಾ," ಎಂದ ಶ್ರೀಶೈಲ.

ಹುಲ್ಲಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಕಣ್ಣು ಎಡಗನ್ನಡಿಯಲ್ಲಿತ್ತು. ಕಿವಿ ಮಾತ್ರ ಸ್ವಲ್ಪ ಹಿಂದಕ್ಕೆ, ಬಸ್ಸಿನ ಒಳಗಡೆಗೆ ಇತ್ತು.

ಅಂಜನಾಳಿಗೆ ತಿಳಿಯಿತು. ಸಣ್ಣವಳಿದ್ದಾಗ ರಜೆಯಲ್ಲಿ ಎಂಜಿನ್ನಿನ ಬಿಸಿ ಮುಚ್ಚಳದ ಪಕ್ಕ ಕೂತು ಎಷ್ಟೋ ಸಲ ಈ ದಾರಿಯಲ್ಲಿ ಹೋದವಳು ಅವಳು. ಊರುಗೋಲುಗಳನ್ನು ಗೋಡೆಗೆ ಒರಗಿಸಿ ಬಂದು, ಕಂಪ್ಯೂಟರಿನ ತಗಡಿನ ಪಕ್ಕೆಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದಳು.

"ರೈಟ್, ರೈಟ್."

ಮೇಜಿನ ಕೆಳಗೆ ಪಿನ್ನು ಹಾಕಿದ ಮಡಿಕೆ ಮುಂದಕ್ಕೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ, ಮಡಿಲಲ್ಲಿ ಮಲಗಿದ ಯಾರಿಗೂ ಎಚ್ಚರಾಗದಷ್ಟು ನಿಧಾನವಾಗಿ, ಹಿಂದಕ್ಕೆ ಬಂತು.