ಬೆನ್ನಿನ ನೀರು

ಕೂಗು, ಎದುರು ಹಳಿಯ ರೈಲಿನದು, ಅಷ್ಟಕ್ಕೇ ಅತ್ತೆ ವೆಂಕಟರತ್ನಮ್ಮನ ಮೈ ಕೆಂಡ ತಾಗಿದಂತೆ ಬೆಚ್ಚಿ ಸೀಟಿನಿಂದ ಅರ್ಧ ಮೇಲೆದ್ದಿತು, ಶ್ಯಾಮಲ ತೋಳು ಅಡ್ಡ ಕೊಟ್ಟು ಹಿಡಿದಳು — ಏನಿಲ್ಲ ಅತ್ತೆ, ಬಂಗಾರಪೇಟೆ — ಊರಿಗಾಂನಲ್ಲಿ ಹತ್ತಿದಾಗಿನಿಂದ ಅತ್ತೆಯದು ಒಂದು ಮಾತಿಲ್ಲ, ಎರಡು ತಿಂಗಳ ಹಿಂದೆ ಡೈರಿ ಸಾಲಿನಲ್ಲಿ ನಿಂತು, ಮುಂದಿನವನ ಕ್ಯಾನು ಇಣುಕಿ, ಏನ್ಲಾ, ನಿನ್ನ ಹಸ ಹುಲ್ಲು ತಿಂತದಾ, ಬರೀ ನೀರೇ ಕುಡೀತದಾ, ಎಂದು ಎಲ್ಲರನ್ನೂ ನಗಿಸಿದ ಬಾಯಿ ಇದೇನಾ, ಮೊದಲು ಕೆಟ್ಟದ್ದು ಕಣ್ಣು, ಹಸುವಿನ ಕೆಚ್ಚಲ ಮುಂದೆ ಕೂತು, ಎಂಟು ಮೊಲೆ ಕಾಣ್ತವೆ ಕಣೇ ಇದಕ್ಕೆ ಅಂದರು, ಪೊರೆ ಎಂದು ಆಪರೇಷನ್ ಆಯಿತು, ಎಂಟು ಎಂಟಾಗಿಯೇ ಉಳಿಯಿತು, ಆಮೇಲೆ ಈ ಬೆಚ್ಚುವುದು, ಆಗ ಬಾಯಿಬಿಟ್ಟವಳು ಯಾರು, ಶ್ಯಾಮಲಳೇ, ಡಾಕ್ಟ್ರೇ, ನಮ್ಮ ಹಸ ಜೊಲ್ಲು ಸುರಿಸ್ತಿತ್ತು, ಗಂಟಲಾಗೆ ಏನೋ ಸಿಕ್ಕೊಂಡದೆ ಅಂತ ಅತ್ತೆ ಮೊಣಕೈಗಂಟ ಕೈ ತೂರಿಸಿದ್ರು, ಅದು ಸತ್ತಮೇಲೆ ಗೊತ್ತಾಯ್ತು ಹುಚ್ಚುನಾಯಿ ಕಡಿದಿತ್ತು ಅಂತ — ಅಷ್ಟೇ, ಎಲ್ಲರೂ ಆ ದಾರಿ ಹಿಡಿದರು, ಹಾಲು ಕುಡಿದ ಬೀದಿಯೆಲ್ಲ ಸೂಜಿಗೆ ಸಾಲು ನಿಂತಿತು, ಅತ್ತೆಯನ್ನು ಬೇರೆ ಕೋಣೆಗೆ ಹಾಕಿ ಸಾವಿಗೆ ಕಾದರು, ಮೂರು ವಾರ, ಸಾಯಲಿಲ್ಲ, ಅದಾಗಿದ್ದರೆ ಇಷ್ಟು ದಿನ ಉಳೀತಿರಲಿಲ್ಲಮ್ಮ ಎಂದರು ಬೆಂಗಳೂರಿನಿಂದ ಬಂದ ಡಾಕ್ಟರು ಮೊನ್ನೆ, ಇದು ಮೆದುಳಿನ ಬೇರೆ ಕಾಯಿಲೆ, ಅಪರೂಪದ್ದು, ಎರಡರಲ್ಲೊಂದು, ಒಂದಕ್ಕೆ ಔಷಧಿ ಇದೆ, ಇನ್ನೊಂದಕ್ಕಿಲ್ಲ, ಬೆನ್ನಿನ ನೀರು ತೆಗೆದು ನೋಡದೆ ಹೇಳಕ್ಕಾಗಲ್ಲ, ಬೆಂಗಳೂರಿಗೆ ಕರ್ಕೊಂಡು ಬನ್ನಿ, ದಿನ ಕಳೆದಷ್ಟೂ ಕೈ ಮೀರುತ್ತೆ — ಗಂಡ ಗಿರಿ ಪ್ಲಾಟ್‌ಫಾರ್ಮಿಗೆ ಇಳಿದೇಬಿಟ್ಟಿದ್ದಾನೆ, ಕಿಟಕಿಯ ಸರಳು ಹಿಡಿದು, ಇಳಿಸೇ ಅಮ್ಮನ್ನ, ಬೆನ್ನಾಗಿಂದ ನೀರು ತೆಗುದ್ರೆ ಕಾಲು ಬಿದ್ದೋಯ್ತವಂತೆ, ಪಕ್ಕದ್ಮನೆ ಮುನಿಸ್ವಾಮಪ್ಪ ಆಣೆ ಮಾಡಿ ಯೋಳ್ದ, ಮನೇಗೋಗಾನ ಬಾ — ಕಾಲು ಆಗಲೇ ಬಿದ್ದವೆ ಕಣ್ರೀ, ಇಬ್ಬರೂ ಎತ್ತಿ ತಾನೇ ಹತ್ತಿಸಿದ್ದು — ನಾಯಿ ಅಂದೋಳೂ ನೀನೇ, ಈಗ ನೀರು ಅನ್ನೋಳೂ ನೀನೇ — ಹೌದು, ನಾನೇ ಅಂದೋಳು, ಅದಕ್ಕೇ, ಔಷಧಿ ಇರುವ ಕಾಯಿಲೆಯೇ ಆಗಿದ್ದು ಆ ಮೂರು ವಾರದಲ್ಲೇ ಕೈ ಮೀರಿದ್ದರೆ, ಬೇಡ, ಅದನ್ನು ಯೋಚಿಸಬಾರದು, ಇಳಿದರೆ ಇನ್ನು ಯಾವತ್ತು ಹತ್ತುತ್ತೇವೆ — ಈ ಸಲ ಕೂಗಿದ್ದು ಇದೇ ಗಾಡಿ, ಅತ್ತೆ ಬೆಚ್ಚಿದರು, ಅವರ ಕೈ ತಡಕಾಡಿ ಶ್ಯಾಮಲಳ ತೋರುಬೆರಳನ್ನು ಹಿಡಿಯಿತು, ಹೆಬ್ಬೆರಳು ಮಡಚಿ ಮೇಲಿನಿಂದ ಕೆಳಕ್ಕೆ ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು, ಹಾಲು ಕರೆಯುತ್ತಿದ್ದಾರೆ, ಅಯ್ಯೋ ಹಾಲು ಕರೆಯುತ್ತಿದ್ದಾರೆ, ರೀ ಹತ್ರೀ, ಶ್ಯಾಮಲ ಏಳಲಿಲ್ಲ, ಗಾಡಿ ಅಲುಗಿತು, ಅಮ್ಮಾ ಎನ್ನುತ್ತ ಗಿರಿ ಓಡುತ್ತಿದ್ದಾನೆ, ಬಾಗಿಲು ಸಿಕ್ಕಿತೋ ಇಲ್ಲವೋ, ತಿರುಗಿ ನೋಡಬೇಕು, ಬೆರಳು ಬಿಡಿಸಿಕೊಳ್ಳಬೇಕು, ಆಗುತ್ತಿಲ್ಲ, ಒಣ ಬೆರಳು, ಮಡಚಿದ ಹೆಬ್ಬೆರಳು, ಎಳೆದು, ಬಿಟ್ಟು, ಎಳೆದು —